ಸ್ಯಾಂಡ್‌ವಿಚ್ ಪೊಟ್ಟಣದ ಮೇಲಿನ ಅಂಕಿಗಳು



ಕೆಲವು ವರ್ಷಗಳ ಹಿಂದೆ ಹೊರಾಂಗಣ ಚಿತ್ರೀಕರಣವೊಂದಕ್ಕೆ ಹೊರಟಾಗ ತಂಡದ ತಿಂಡಿಯ ಹೊಣೆ ನನ್ನ ಮೇಲಿತ್ತು. ಬೆಳಿಗ್ಗೆ ಏಳಕ್ಕೆ ಸಿದ್ಧ ಸ್ಯಾಂಡ್‌ವಿಚ್ ಪೊಟ್ಟಣಗಳನ್ನು ಕೊಂಡು ವ್ಯಾನಿನಲ್ಲಿಟ್ಟೆ. ಬಿಸಿಲೇರಿತು, ಕೆಲಸ ಮುಗಿಯಲಿಲ್ಲ. ಪೊಟ್ಟಣ ಬಿಚ್ಚಿದಾಗ ಮಧ್ಯಾಹ್ನ ಮೂರು ದಾಟಿತ್ತು. "ಸಾರ್, ಕೆಟ್ಟಿರೋದಿಲ್ವಾ?" ಎಂದು ಕ್ಯಾಮೆರಾ ಸಹಾಯಕ ಕೇಳಿದ. "ಪ್ರಿಸರ್ವೇಟಿವ್ ಹಾಕಿರ್ತಾರಪ್ಪಾ, ತಿನ್ನು" ಎಂದೆ. ವಿಜ್ಞಾನ ಓದಿದವನ ಮಾತೆಂದು ಅವನು ನಂಬಿದ. ರಾತ್ರಿ ಅವನೂ ಇನ್ನಿಬ್ಬರೂ ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದರು. ಪೊಟ್ಟಣದ ಮೇಲೆ "ತಂಪಾದ ಸ್ಥಳದಲ್ಲಿಡಿ" ಎಂದು ಸ್ಪಷ್ಟವಾಗಿಯೇ ಬರೆದಿತ್ತು. ತಪ್ಪು ನನ್ನದು. ಆ ದಿನ ನಾನು ಯೋಚಿಸದೆ ಬಿಟ್ಟದ್ದನ್ನು ನೀವು ಯೋಚಿಸಲಿ ಎಂಬುದೇ ಈ ಮಾತಿನ ಉದ್ದೇಶ.

ಮನೆಯಲ್ಲಿ ಮಾಡಿದ ಸ್ಯಾಂಡ್‌ವಿಚ್ ತಟ್ಟೆಯಿಂದ ನೇರವಾಗಿ ಬಾಯಿಗೆ ಹೋಗುತ್ತದೆ. ಅಂಗಡಿಯದು ಹಾಗಲ್ಲ. ಅದು ಕಾರ್ಖಾನೆ, ಲಾರಿ, ಅಂಗಡಿಯ ಶೀತಪೆಟ್ಟಿಗೆ ಇವನ್ನೆಲ್ಲ ದಾಟಿ ಬರಬೇಕು. ಬ್ರಿಟನ್ನಿನಲ್ಲಿ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಮಳಿಗೆಗಳು 1980ರಲ್ಲಿ ಪೊಟ್ಟಣದ ಸ್ಯಾಂಡ್‌ವಿಚ್ ಮಾರಲಾರಂಭಿಸಿದವು. ಅಲ್ಲಿಂದ ಈ ತಿಂಡಿ ದೊಡ್ಡ ಉದ್ಯಮವಾಗಿ ಬೆಳೆಯಿತು. ತಯಾರಿಸುವ ಹೊತ್ತಿಗೂ ತಿನ್ನುವ ಹೊತ್ತಿಗೂ ನಡುವಿನ ಅಂತರವನ್ನು ತುಂಬುವುದಕ್ಕೇ ಸಂಸ್ಕರಣೆ ಮತ್ತು ಸೇರ್ಪಡೆಗಳು ಬೇಕಾದವು.

ಮೊದಲು ಬ್ರೆಡ್ಡನ್ನು ನೋಡೋಣ. ಇಡ್ಲಿ ಹಿಟ್ಟು ರಾತ್ರಿಯಿಡೀ ಹುದುಗು ಬರುವುದನ್ನು ನೀವು ಬಲ್ಲಿರಿ. ಬ್ರೆಡ್ಡಿನ ಹಿಟ್ಟೂ ಹಿಂದೆ ಹಾಗೆಯೇ ಗಂಟೆಗಟ್ಟಲೆ ಕಾಯಬೇಕಿತ್ತು. 1961ರಲ್ಲಿ ಇಂಗ್ಲೆಂಡಿನ ಚಾರ್ಲಿವುಡ್‌ನಲ್ಲಿ ರೂಪಿಸಿದ ವಿಧಾನವು ಹಿಟ್ಟನ್ನು ಯಂತ್ರದಿಂದ ಅತಿ ವೇಗವಾಗಿ ಕಲಸಿ ಈ ಕಾಯುವಿಕೆಯನ್ನು ಬಹುಮಟ್ಟಿಗೆ ತಗ್ಗಿಸಿತು. ಅದಕ್ಕೆ ನೆರವಾದದ್ದು ಆಸ್ಕಾರ್ಬಿಕ್ ಆಮ್ಲ. ಪೊಟ್ಟಣದ ಮೇಲೆ ಇದು ಐ.ಎನ್.ಎಸ್. 300. ಹೆದರಬೇಡಿ, ನೆಲ್ಲಿಕಾಯಿಯಲ್ಲಿರುವ ಸಿ ಜೀವಸತ್ತ್ವವೇ ಇದು. ಆದರೆ ಇಲ್ಲಿ ಇದನ್ನು ಹಾಕುವುದು ಪೋಷಣೆಗಲ್ಲ, ಹಿಟ್ಟಿನ ಗ್ಲುಟೆನ್ ಜಾಲವನ್ನು ಬಿಗಿಗೊಳಿಸಲು. 471, 481 ಎಂಬವು ಎಮಲ್ಸಿಫೈಯರ್‌ಗಳು. ಇವು ಬ್ರೆಡ್ಡನ್ನು ಕೆಲವು ದಿನ ಮೃದುವಾಗಿಡುತ್ತವೆ.

ಇನ್ನು 282, ಅಂದರೆ ಕ್ಯಾಲ್ಸಿಯಂ ಪ್ರೊಪಿಯೊನೇಟ್. ಇದು ಬೂಷ್ಟನ್ನು ತಡೆಯುತ್ತದೆ, ಆದರೆ ಹಿಟ್ಟನ್ನು ಉಬ್ಬಿಸುವ ಯೀಸ್ಟಿಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಬೇಕರಿಯವರು ಇದನ್ನು ಆರಿಸಿಕೊಳ್ಳುವುದು ಈ ಗುಣಕ್ಕಾಗಿಯೇ. ನಾನು ಎಡವಿದ್ದು ಇಲ್ಲಿ. ಬ್ರೆಡ್ಡಿನ ಬೂಷ್ಟನ್ನು ತಡೆಯುವ ವಸ್ತು ಒಳಗಿನ ಹೂರಣವನ್ನು ಕಾಯುವುದಿಲ್ಲ.

ಹೂರಣದ ಕಥೆಯೇ ಬೇರೆ. ಚೀಸ್ ಹಾಳೆ ನಯವಾಗಿ ಕರಗಲು ಸೋಡಿಯಂ ಸಿಟ್ರೇಟ್ (331) ಇರಬಹುದು. ಮೇಯನೇಸ್ ನೀರೊಡೆಯದಂತೆ ಕ್ಸಾಂಥನ್ ಗೋಂದು (415), ಕೆಡದಂತೆ ಪೊಟ್ಯಾಸಿಯಂ ಸಾರ್ಬೇಟ್ (202) ಇರಬಹುದು. ಆದರೆ ಹೆಚ್ಚಿದ ಸೌತೆಕಾಯಿ, ಬೇಯಿಸಿದ ಆಲೂಗಡ್ಡೆ ಮತ್ತು ಮೊಟ್ಟೆಗೆ ಸಾಮಾನ್ಯವಾಗಿ ತಂಪೇ ರಕ್ಷಣೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೇಗ ವೃದ್ಧಿಯಾಗುತ್ತವೆ. ಕೈಯಿಂದ ಅಂಟುವ ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯ ಬಿಡುವ ವಿಷವಂತೂ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಬಿಸಿಲಲ್ಲಿ ನಿಂತ ವ್ಯಾನು ಇಂಥ ಸೂಕ್ಷ್ಮಜೀವಿಗಳ ಪಾಲಿಗೆ ಹೇಳಿ ಮಾಡಿಸಿದ ಜಾಗ!

ಹಾಗಾದರೆ ಅನುಮತಿ ಪಡೆದ ಸೇರ್ಪಡೆಗಳೆಲ್ಲ ನಿರಪಾಯವೇ? ಅನುಮತಿ ಎಂಬುದು ಆ ದಿನದ ತಿಳಿವಿಗೆ ತಕ್ಕ ತೀರ್ಮಾನ. ಪೊಟ್ಯಾಸಿಯಂ ಬ್ರೋಮೇಟ್ ಎಂಬುದನ್ನು ನಮ್ಮ ದೇಶದಲ್ಲೂ ಬ್ರೆಡ್ ಹಿಟ್ಟಿಗೆ ಸೇರಿಸಲು ಅವಕಾಶವಿತ್ತು. ಪೂರ್ತಿ ಬೆಂದರೆ ಅದು ಬ್ರೋಮೈಡ್ ಆಗಿ ಮಾರ್ಪಡುತ್ತದೆ ಎಂಬ ನಂಬಿಕೆ. ಆದರೆ ಪ್ರಮಾಣ ಹೆಚ್ಚಿದರೆ ಅಥವಾ ಬೇಯುವುದು ಕಡಮೆಯಾದರೆ ಸ್ವಲ್ಪ ಹಾಗೆಯೇ ಉಳಿಯುತ್ತದೆ. ಅದು ಮನುಷ್ಯನಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಬ್ರಿಟನ್ 1990ರಲ್ಲೇ ಅದನ್ನು ನಿಷೇಧಿಸಿತು. 2016ರ ಮೇ ತಿಂಗಳಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಬ್ರೆಡ್, ಬನ್, ಪಾವ್ ಮೊದಲಾದ 38 ಮಾದರಿಗಳನ್ನು ಪರೀಕ್ಷಿಸಿದ ವರದಿ ಹೊರತಂದಿತು. ಅವುಗಳಲ್ಲಿ ಶೇಕಡ 84ರಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಅಥವಾ ಅಯೊಡೇಟ್ ಅಂಶ ಕಂಡುಬಂತು. ಮರುತಿಂಗಳೇ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಬ್ರೋಮೇಟನ್ನು ನಿಷೇಧಿಸಿತು. ಯಾರೋ ಪರೀಕ್ಷಿಸಿ ನೋಡಿದ್ದರಿಂದ ಕಾನೂನು ಬದಲಾಯಿತು. ಈ ಮಾತು ನೆನಪಿರಲಿ.

ಇನ್ನು ಮುಂದೆ ಪೊಟ್ಟಣ ಕೈಗೆ ಬಂದಾಗ ಮೊದಲು ಪದಾರ್ಥಗಳ ಪಟ್ಟಿ ಓದಿ. ತೂಕದಲ್ಲಿ ಹೆಚ್ಚಿರುವುದು ಮೊದಲು ಬರುತ್ತದೆ. "ಗೋಧಿ ಬ್ರೆಡ್" ಎಂದು ದೊಡ್ಡಕ್ಷರದಲ್ಲಿದ್ದು ಪಟ್ಟಿಯಲ್ಲಿ ಮೈದಾ ಮೊದಲಿದ್ದರೆ ಅರ್ಥ ಮಾಡಿಕೊಳ್ಳಿ. ಕಂದು ಬಣ್ಣವೂ ತವುಡಿನದೇ ಆಗಬೇಕೆಂದಿಲ್ಲ, ಅದು ಕ್ಯಾರಮೆಲ್ (150) ಇರಬಹುದು. ಪ್ರತಿ ಅಂಕಿಯ ಮುಂದೆ "ಇದರ ಕೆಲಸವೇನು?" ಎಂದು ಕೇಳಿಕೊಳ್ಳಿ. ಕೊನೆಗೆ ದಿನಾಂಕವನ್ನೂ ಶೇಖರಣೆಯ ಸೂಚನೆಯನ್ನೂ ನೋಡಿ. ಶೀತಪೆಟ್ಟಿಗೆಯ ಹೊರಗೆ, ಕೌಂಟರಿನ ಮೇಲೆ ಇಟ್ಟ ಮೇಯನೇಸ್ ಸ್ಯಾಂಡ್‌ವಿಚ್ಚನ್ನು ಕೊಳ್ಳಬೇಡಿ, ದಿನಾಂಕ ಎಷ್ಟೇ ಮುಂದಿರಲಿ.

ಒಂದು ಪ್ರಯೋಗವನ್ನೂ ಮಾಡಿ. 282 ಇರುವ ಬ್ರೆಡ್ಡಿನ ಒಂದು ಹೋಳು, ಸಂರಕ್ಷಕ ಹಾಕದ ಬ್ರೆಡ್ಡಿನ ಇನ್ನೊಂದು ಹೋಳು ತೆಗೆದುಕೊಂಡು ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಿ. ಯಾವುದಕ್ಕೆ ಮೊದಲು ಬೂಷ್ಟು ಹಿಡಿಯಿತೆಂದು ದಿನವೂ ಬರೆದಿಡಿ. ಚೀಲವನ್ನು ಮಾತ್ರ ಬಿಚ್ಚಬೇಡಿ, ಮುಗಿದ ಮೇಲೆ ಹಾಗೆಯೇ ಎಸೆಯಿರಿ.

ನನ್ನ ಸಹಾಯಕ ಮೂರು ದಿನದಲ್ಲಿ ಗುಣಮುಖನಾಗಿ ಕೆಲಸಕ್ಕೆ ಬಂದ. ಈಗಲೂ ತಿಂಡಿಯ ಪೊಟ್ಟಣ ಬಂದರೆ ಮೊದಲು ಅದನ್ನು ನನ್ನ ಕೈಗೆ ಕೊಟ್ಟು, "ಓದಿ ಹೇಳಿ ಸಾರ್" ಎನ್ನುತ್ತಾನೆ. ನಾನು ಓದುತ್ತೇನೆ. ನೀವೂ ಓದಿ.