ಎರಡು ಪುಸ್ತಕ ಇಟ್ಟುಕೊಳ್ಳಿ

(ಮೂಡಿಗೆರೆಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ನಡೆದ ಕಥಾ ಕಮ್ಮಟದಲ್ಲಿ ನಿವೃತ್ತ ಕನ್ನಡ ಅಧ್ಯಾಪಕಿಯೊಬ್ಬರು ಮಾಡಿದ ಭಾಷಣ)



ಕಾಫಿ ತೋಟದಲ್ಲಿ ‘ರೈಟರು’ ಎಂದರೆ ಯಾರೆಂದು ನಿಮಗೆ ಗೊತ್ತು. ಬೆಳಿಗ್ಗೆ ಹಾಜರಿ ಕೂಗುವವರು, ಸಂಜೆ ಹಣ್ಣಿನ ತೂಕ ಬರೆದುಕೊಳ್ಳುವವರು. ಕುಯ್ಯುವವರು ನೀವು, ಬರೆದುಕೊಳ್ಳುವವರು ಇನ್ನೊಬ್ಬರು. ನಮ್ಮ ಬದುಕಿನ ಲೆಕ್ಕವೂ ಬಹುಕಾಲ ಹೀಗೆಯೇ ಇನ್ನೊಬ್ಬರ ಕೈಯಲ್ಲಿತ್ತು. ಇನ್ನು ಮೇಲೆ ಅದನ್ನು ನೀವೇ ಬರೆಯಿರಿ ಎಂದು ಕೇಳಿಕೊಳ್ಳಲು ಬಂದಿದ್ದೇನೆ.

“ಏಳನೇ ಕ್ಲಾಸು ಓದಿದವರು ನಾವೇನು ಬರೆಯೋದು ಟೀಚರೇ?” ಎಂದು ಬಾಗಿಲಲ್ಲೇ ಒಬ್ಬರು ಕೇಳಿದರು. ಎಂ.ಕೆ. ಇಂದಿರಾ ನಮ್ಮ ಮಲೆನಾಡಿನವರೇ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದರು. ಹನ್ನೆರಡಕ್ಕೆ ಮದುವೆ, ಶಾಲೆ ಅಲ್ಲಿಗೆ ಮುಗಿಯಿತು. ಕಾದಂಬರಿ ಬರೆಯಲು ಕೂತಾಗ ವಯಸ್ಸು ನಲವತ್ತೈದು. ಮೊದಲ ಕಾದಂಬರಿ ‘ತುಂಗಭದ್ರ’ ಅಚ್ಚಾದದ್ದು 1963ರಲ್ಲಿ, ‘ಫಣಿಯಮ್ಮ’ 1976ರಲ್ಲಿ. ಫಣಿಯಮ್ಮ ಎಂಬ ಬಾಲವಿಧವೆ ತನ್ನ ಬಾಳನ್ನು ಇಂದಿರಾ ಅವರ ತಾಯಿಯೊಡನೆ ಹೇಳಿಕೊಂಡಿದ್ದಳು, ಅದೇ ಪುಸ್ತಕವಾಯಿತು. ಕಾಲೇಜು ಕಲಿಸದ್ದನ್ನು ಅವರಿಗೆ ಮನೆಯೊಳಗಿನ ಮಾತು ಕಲಿಸಿತ್ತು.

ನೆರೆಯ ಹಾಸನದ ಬಾನು ಮುಷ್ತಾಕ್ ವಕೀಲರು. ಕಷ್ಟ ಹೇಳಿಕೊಂಡು ಬಂದ ಹೆಂಗಸರ ಮಾತಿಗೆ ಕಿವಿಗೊಟ್ಟು ಕತೆ ಬರೆದವರು. ಮಡಿಕೇರಿಯ ದೀಪಾ ಭಾಸ್ತಿ ಅನುವಾದಿಸಿದ ಅವರ 12 ಕತೆಗಳ ‘ಹಾರ್ಟ್ ಲ್ಯಾಂಪ್’ ಪುಸ್ತಕಕ್ಕೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂತು. ಪ್ರಶಸ್ತಿಯ ಮಾತು ಬಿಡಿ. ಕೇಳುವ ಕಿವಿ ನಿಮಗೂ ಇದೆ.

ಎಲ್ಲಿಂದ ಶುರು ಮಾಡುವುದು? ನಿಮ್ಮ ಸಂಘದ ನಡಾವಳಿ ಪುಸ್ತಕ ತೆಗೆಯಿರಿ. “ಮೂರು ವಾರದಿಂದ ಗೈರುಹಾಜರು” ಎಂದು ಒಬ್ಬಳ ಹೆಸರಿನ ಮುಂದೆ ಬರೆದಿದೆ. ಯಾಕೆ ಬರಲಿಲ್ಲ? ಮುಖದ ಬಾವು ಇಳಿಯಲಿ ಎಂದು ಕಾದಳೇ? “ಮನೆ ರಿಪೇರಿಗೆ ಸಾಲ, 20,000” ಎಂದು ಇನ್ನೊಂದು ಸಾಲು. ಅವಳ ಮನೆಯ ಹಂಚು ಮಾತ್ರ ಈ ಮಳೆಗಾಲದಲ್ಲೂ ಸೋರುತ್ತಿದೆ. ಆ ಹಣ ಅಳಿಯನ ಬೈಕಿಗೆ ಹೋಯಿತೇ? ನಾವೆಲ್ಲ ಗೊತ್ತಿದ್ದೂ ಸಹಿ ಹಾಕಿದೆವೇ? ಇಂಥ ಒಂದು ಸಾಲಿನ ಬೆನ್ನು ಹತ್ತಿ. ಹೆಣ್ಣಿನ ಶೋಷಣೆ ಕುರಿತು ಕತೆ ಬರೆಯುತ್ತೇನೆಂದು ಹೊರಟರೆ ಭಾಷಣವಾಗುತ್ತದೆ. ಸೋರುವ ಹಂಚಿನಿಂದ ಹೊರಟರೆ ಕತೆಯಾಗುತ್ತದೆ.

ಈಗ ನನ್ನದೊಂದು ತಪ್ಪು ಹೇಳಬೇಕು. ಅನೇಕ ವರ್ಷಗಳ ಹಿಂದೆ ಕಳಸದ ಕಡೆಯ ಪರಿಚಯದ ಹೆಣ್ಣುಮಗಳೊಬ್ಬಳು ಅತ್ತೆ ಮನೆಯ ಹಿಂಸೆಯನ್ನು ನನ್ನ ಮುಂದೆ ಅತ್ತುಕೊಂಡು ಹೇಳಿದ್ದಳು. ಹೆಸರು ಬದಲಿಸಿ ಕತೆ ಮಾಡಿದೆ. ಆದರೆ ಅವಳ ಕೈಯ ಸುಟ್ಟ ಗಾಯ, ತವರಿನಿಂದ ತಂದ ಹಿತ್ತಾಳೆ ಹಂಡೆ, ಮನೆ ಮುಂದಿನ ಹಲಸಿನ ಮರ ಎಲ್ಲವನ್ನೂ ಹಾಗೆಯೇ ಇಟ್ಟೆ. ಕತೆ ಅಚ್ಚಾಯಿತು, ಹೊಗಳಿಕೆ ಬಂತು. ಪತ್ರಿಕೆ ಆ ಮನೆಗೂ ಹೋಯಿತು. “ಮನೆ ಮಾನ ಬೀದಿಗೆ ಹಾಕಿದೆಯಾ” ಎಂದು ಅವಳಿಗೆ ಮತ್ತೆ ಏಟು ಬಿತ್ತು. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ, “ಅಕ್ಕಾ, ನಿಮ್ಮನ್ನ ನಂಬಿದ್ದೆ” ಎಂದಷ್ಟೇ ಹೇಳಿದಳು. ನಾನು ಅವಳನ್ನು ಒಂದು ಮಾತು ಕೇಳಿರಲಿಲ್ಲ. ಬರೆಯಲೇ ಎಂದು ಕೇಳಲಿಲ್ಲ, ಬರೆದ ಮೇಲೆ ಓದಿ ಹೇಳಲೂ ಇಲ್ಲ.

ಆದ್ದರಿಂದ ನನ್ನ ಮೊದಲ ಸಲಹೆ: ಗಾಯ ನಿಜವಿರಲಿ, ಗುರುತು ಬೇರೆಯಿರಲಿ. ಊರು ಬದಲಿಸಿ, ಮಕ್ಕಳ ಸಂಖ್ಯೆ ಬದಲಿಸಿ, ಇಬ್ಬರು ಮೂವರ ಬದುಕನ್ನು ಒಬ್ಬಳಲ್ಲಿ ಸೇರಿಸಿ. ಸಾಧ್ಯವಾದರೆ ಅವಳಿಗೇ ಓದಿ ಹೇಳಿ. ಅವಳು ಬೇಡ ಎಂದರೆ ಬೇಡ. ನಿಮ್ಮದೇ ಕತೆಯಾದರೆ ಕಾವ್ಯನಾಮ ಇಟ್ಟುಕೊಳ್ಳಿ, ಅದು ಹೇಡಿತನವಲ್ಲ. ಕುಂದಾಪುರದ ಜಾನಕಿ ತಾವು ‘ಸುಧಾ’ಕ್ಕೆ ಕಳಿಸಿದ ಕತೆಯಲ್ಲಿ ನಿಜ ಘಟನೆ ಇದೆಯೆಂದು ಅಳುಕಿ, ಪ್ರಕಟಿಸಬೇಡಿ ಎಂದು ಕೇಳಿಕೊಂಡರು. ಸಂಪಾದಕರು ಬೇರೆ ಹೆಸರಿನಲ್ಲಿ ಪ್ರಕಟಿಸಿದರು. ಆ ಹೆಸರೇ ‘ವೈದೇಹಿ’.

ಎರಡನೆಯದು, ಎರಡು ಪುಸ್ತಕ ಇಟ್ಟುಕೊಳ್ಳಿ. ಒಂದು ಕತೆಗೆ, ಇನ್ನೊಂದು ಕಷ್ಟಕ್ಕೆ. ಕತೆಯಲ್ಲಿ ಹೆಸರು, ತಾರೀಖು ಮರೆಯಾಗಬೇಕು. ದೂರಿನಲ್ಲಿ ಅವೇ ಮುಖ್ಯ. ಯಾವ ದಿನ ಹೊಡೆದ, ಏನು ಕೇಳಿದ, ಯಾರು ನೋಡಿದರು, ಆಸ್ಪತ್ರೆ ಚೀಟಿ ಎಲ್ಲಿದೆ, ಇವನ್ನೆಲ್ಲ ಆ ಇನ್ನೊಂದು ಪುಸ್ತಕದಲ್ಲಿ ಬರೆದು ತವರಿನಲ್ಲೋ ನಂಬಿಕೆಯ ಗೆಳತಿಯ ಹತ್ತಿರವೋ ಇಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಯ ಬಳಿ ಹೋಗುವಾಗ ಅದು ಕೈಹಿಡಿಯುತ್ತದೆ. ನಾವು 498ಎ ಎನ್ನುತ್ತಿದ್ದ ಕಲಂ 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. ತುರ್ತಿಗೆ 181ಕ್ಕೆ ಫೋನು ಮಾಡಿ. ಏಟು ತಿನ್ನುತ್ತಿರುವವಳಿಗೆ ಮೊದಲು ಬೇಕಾದ್ದು ರಕ್ಷಣೆ. ಕತೆ ಕಾಯಬಹುದು.

ಮೂರನೆಯದು, ಗಂಡನನ್ನು ಬರೀ ರಾಕ್ಷಸ ಮಾಡಬೇಡಿ. ಶನಿವಾರ ಕುಡಿದು ಹೊಡೆದವನೇ ಸೋಮವಾರದ ಸಂತೆಯಿಂದ ಮಲ್ಲಿಗೆ ತರುತ್ತಾನೆ. ಆ ಮಲ್ಲಿಗೆಯನ್ನೂ ಬರೆಯಿರಿ. ಅವಳು ಯಾಕೆ ಇನ್ನೂ ಆ ಮನೆಯಲ್ಲಿದ್ದಾಳೆ ಎಂಬುದು ಓದಿದವರಿಗೆ ಆಗಲೇ ತಿಳಿಯುವುದು.

ಭಾಷೆ ನಿಮ್ಮದೇ ಇರಲಿ. ಲೈನು ಮನೆಯ ಮಾತು, ಕಣದಲ್ಲಿ ಕಾಫಿ ಹರಡುವಾಗಿನ ಮಾತು ಹಾಗೆಯೇ ಬರಲಿ. ಮೂಡಿಗೆರೆಯ ತೋಟದಲ್ಲಿ ಕೂತು ತೇಜಸ್ವಿಯವರು ‘ಕಿರಗೂರಿನ ಗಯ್ಯಾಳಿಗಳು’ ಬರೆದದ್ದು ಹಳ್ಳಿಯ ಹೆಂಗಸರ ಬಾಯಿಯ ಜೋರನ್ನು ನಂಬಿಯೇ. ಇನ್ನು ಆ ಗಯ್ಯಾಳಿಗಳೇ ಬರೆಯಲಿ.

ಸಮಯವೆಲ್ಲಿ ಎನ್ನುತ್ತೀರಿ. ಕುಯಿಲಿನ ತಿಂಗಳುಗಳಲ್ಲಿ ಆಗದು, ಒಪ್ಪಿದೆ. ಆದರೆ ವಾರದ ಸಭೆಗೆ ಹೇಗೂ ಸೇರುತ್ತೀರಿ. ಉಳಿತಾಯ ಕಟ್ಟಿದ ಮೇಲೆ ಅರ್ಧ ಗಂಟೆ ಕೂತು ಬರೆಯಿರಿ. ಅರ್ಧ ಪುಟ ಸಾಕು. ಮುಂದಿನ ವಾರ ಗಟ್ಟಿಯಾಗಿ ಓದಿ. ಕೇಳುವವರು ಆಕಳಿಸಿದ ಕಡೆ ಹೊಡೆದು ಹಾಕಿ, “ಆಮೇಲೆ?” ಎಂದ ಕಡೆ ಇನ್ನಷ್ಟು ಬರೆಯಿರಿ. ಬರೆಯಲು ಬಾರದ ಅಜ್ಜಿ ಹೇಳಲಿ, ಮೊಮ್ಮಗಳು ಬರೆದುಕೊಳ್ಳಲಿ. ಪತ್ರಿಕೆಗೆ ಕಳಿಸುವಾಗ ಒಂದು ಪ್ರತಿ ನಿಮ್ಮಲ್ಲಿರಲಿ. ಹಿಂದಕ್ಕೆ ಬಂದರೆ ಅಳಬೇಡಿ. ನನ್ನವೂ ಎಷ್ಟೋ ಬಂದಿವೆ. ತಿದ್ದಿ ಇನ್ನೊಂದಕ್ಕೆ ಕಳಿಸಿ.

ಕತೆಯಿಂದ ವರದಕ್ಷಿಣೆ ನಿಲ್ಲುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ “ಇದು ನನ್ನೊಬ್ಬಳ ಹಣೆಬರಹ” ಎಂದುಕೊಂಡವಳು ನಿಮ್ಮ ಕತೆ ಕೇಳಿ, “ಇಲ್ಲ, ಇದು ನಮ್ಮೆಲ್ಲರದು” ಎಂದು ತಲೆ ಎತ್ತಬಹುದು. ನಮ್ಮ ಸಂಘಗಳು ಶುರುವಾದದ್ದೂ ಅದೇ ಮಾತಿನಿಂದ. ಈಗ ಪೆನ್ನು ತೆಗೆಯಿರಿ. ಆ ಗೈರುಹಾಜರಾದವಳು ಇವತ್ತು ಏನು ಮಾಡುತ್ತಿರಬಹುದು ಎಂದು ಒಂದು ಸಾಲು ಬರೆಯಿರಿ. ಸಂಜೆ ಮನೆಗೆ ಹೋಗುವಾಗ ಅವಳ ಬಾಗಿಲನ್ನೂ ಒಮ್ಮೆ ತಟ್ಟಿ.