ಷಾಫ್ಟ್ ಸವೆಯೋದು ಕಾಣದ ಜಾಗದಲ್ಲಿ
(ಸಂಘದ ಬೆಳ್ಳಿ ಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಬೆಳ್ಳಿ ಹಬ್ಬದ ವೇದಿಕೆಯಲ್ಲಿ ಎರಡು ಮಾತಾಡಲು ಕರೆದಿದ್ದೀರಿ. ಕರಾವಳಿಯಲ್ಲಿ ಬೋಟು ರಿಪೇರಿ ಕೆಲಸ ಕಂಡವನು ನಾನು. ಹಳೇ ಮೋಟಾರು ದೋಣಿಯ ಕೊರೆದುಹೋದ ಷಾಫ್ಟ್ ಬದಲಿಸುವ ವಿಚಾರವನ್ನೇ ಇವತ್ತು ಹೇಳುತ್ತೇನೆ. ಗಾವಡಗೆರೆಗೂ ದೋಣಿಗೂ ಏನಪ್ಪಾ ಸಂಬಂಧ ಅನ್ನಬೇಡಿ. ಲಕ್ಷ್ಮಣತೀರ್ಥದ ದಂಡೆಯಲ್ಲಿ ಮೇಲ್ಪಂಪು ಇಟ್ಟವರ ಹತ್ತಿರವೂ ಷಾಫ್ಟ್ ಇದೆ, ಗ್ಲ್ಯಾಂಡ್ ಇದೆ, ಬೇರಿಂಗ್ ಇದೆ. ಕಾಯಿಲೆ ಹೆಚ್ಚು ಕಡಿಮೆ ಒಂದೇ.

ಮಲ್ಪೆ, ಮಂಗಳೂರಿನ ಟ್ರಾಲ್ ಬೋಟುಗಳಲ್ಲಿ ಎಂಜಿನ್ ಒಳಗಿರುತ್ತದೆ. ಫ್ಯಾನು, ಅಂದರೆ ಪ್ರೊಪೆಲ್ಲರ್, ನೀರಿನಲ್ಲಿರುತ್ತದೆ. ಎರಡನ್ನೂ ಸೇರಿಸುವ ಉದ್ದನೆಯ ಸರಳೇ ಷಾಫ್ಟ್. ಅದು ದೋಣಿಯ ಹಿಂಬದಿಯ ಕೊಳವೆಯೊಂದರ ಮೂಲಕ ಹೊರಗೆ ಹೋಗುತ್ತದೆ. ನೀರು ಒಳನುಗ್ಗದ ಹಾಗೆ ಅಲ್ಲಿ ಗ್ಲ್ಯಾಂಡ್ ಹಗ್ಗ ಸುತ್ತಿರುತ್ತಾರೆ. ನಡುಕಡಲಲ್ಲಿ ಷಾಫ್ಟ್ ತುಂಡಾದರೆ ಬೋಟು ಗಾಳಿ ತಳ್ಳಿದ ಕಡೆ ತೇಲುತ್ತದೆ. ತುಂಡು ಹಿಂದಕ್ಕೆ ಜಾರಿ ಕೊಳವೆಯಿಂದ ಕಳಚಿಕೊಂಡರೆ ಆ ತೂತಿನಿಂದಲೇ ನೀರು ಒಳಗೆ ಬರುತ್ತದೆ. ಆಗ ಅದು ದುಡ್ಡಿನ ಮಾತಲ್ಲ, ಬೋಟಿನಲ್ಲಿರುವವರ ಪ್ರಾಣದ ಮಾತು.

ಸ್ಟೇನ್‌ಲೆಸ್ ಸ್ಟೀಲಿಗೆ ಏನೂ ಆಗಲ್ಲ ಅಂತ ನಾವೆಲ್ಲ ನಂಬಿದ್ದೇವೆ. ಅದನ್ನು ಕಾಯುವುದು ಮೈಮೇಲಿನ, ಕಣ್ಣಿಗೆ ಕಾಣದ ತೆಳು ಪೊರೆ. ಆ ಪೊರೆ ಉಳಿಯಲು ಆಮ್ಲಜನಕ ಬೇಕು. ಗ್ಲ್ಯಾಂಡ್ ಹಗ್ಗದ ಅಡಿಯಲ್ಲಿ, ಬೇರಿಂಗಿನ ಸಂದಿಯಲ್ಲಿ ಉಪ್ಪುನೀರು ಹಾಗೇ ನಿಂತರೆ ಪೊರೆ ಹರಿದು ಸಣ್ಣ ಸಣ್ಣ ಗುಳಿ ಬೀಳುತ್ತವೆ. ಹೊರಗಿನ ಭಾಗ ಫಳಫಳ ಅಂತಿರುತ್ತದೆ, ಮುಚ್ಚಿದ ಭಾಗ ಗೆದ್ದಲು ತಿಂದ ತೊಲೆಯಂತಾಗಿರುತ್ತದೆ. ದಿನಾ ಓಡುವ ಬೋಟಿಗಿಂತ ನೀರಿನಲ್ಲೇ ತಿಂಗಳುಗಟ್ಟಲೆ ಸುಮ್ಮನೆ ನಿಂತ ಬೋಟಿಗೆ ಈ ಕಾಟ ಜಾಸ್ತಿ.

ಇನ್ನೊಂದು ಕಾರಣವೂ ಉಂಟು. ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಗುಲಿಕೊಂಡು ಉಪ್ಪುನೀರಿನಲ್ಲಿದ್ದರೆ ಬ್ಯಾಟರಿಯಲ್ಲಿ ಆಗುವಂತೆ ಕರೆಂಟು ಹರಿದು ಒಂದು ಲೋಹ ಕರಗುತ್ತದೆ. ಅದಕ್ಕೇ ಸತುವಿನ ಗಟ್ಟಿ ಕಟ್ಟುತ್ತಾರೆ. ಸತು ತಾನು ಕರಗಿ ಉಳಿದದ್ದನ್ನು ಕಾಯುತ್ತದೆ. ಇಂಗ್ಲೆಂಡಿನ ಯುದ್ಧನೌಕೆಗಳ ತಾಮ್ರದ ಹೊದಿಕೆ ಉಳಿಸಲು 1824ರಲ್ಲಿ ಹಂಫ್ರಿ ಡೇವಿ ತೋರಿಸಿಕೊಟ್ಟ ಉಪಾಯವಿದು. ನಮ್ಮ ಕಬಿನಿ ಹಿನ್ನೀರಿನಂಥ ಸಿಹಿನೀರಿನಲ್ಲಿ ಸತು ಅಷ್ಟಾಗಿ ಕೆಲಸ ಮಾಡಲ್ಲ, ಅಲ್ಲಿಗೆ ಮೆಗ್ನೀಸಿಯಂ ಸರಿ.

ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಬೋಟು ದಡಕ್ಕೆಳೆದು ಬಿಚ್ಚಿ ನೋಡಲು ಅದೇ ಸಕಾಲ. ಕಪ್ಲಿಂಗನ್ನೂ ಪ್ರೊಪೆಲ್ಲರನ್ನೂ ಪುಲ್ಲರ್ ಹಾಕಿ ಎಳೆಯಬೇಕು. ಸುತ್ತಿಗೆಯಲ್ಲಿ ಬಡಿದರೆ ಏಟು ಗೇರ್ ಬಾಕ್ಸಿನ ಬೇರಿಂಗಿಗೆ ಬೀಳುತ್ತದೆ. ಎರಡು ಎಂಜಿನ್ನಿನ ಹಳೇ ದೋಣಿಯಾದರೆ ಒಂದು ಷಾಫ್ಟ್ ಹೋದಾಗ ಇನ್ನೊಂದನ್ನೂ ಬಿಚ್ಚಿ ನೋಡಬೇಕು. ಎರಡೂ ಒಂದೇ ನೀರು ಕುಡಿದವು. ಹೊಸ ಷಾಫ್ಟ್ ಹಾಕುವಾಗ ಸವೆದ ರಬ್ಬರ್ ಬೇರಿಂಗ್, ಹಳೇ ಗ್ಲ್ಯಾಂಡ್ ಹಗ್ಗ, ಕರಗಿದ ಸತು ಇವನ್ನೂ ಬದಲಿಸಬೇಕು. ಇಲ್ಲದಿದ್ದರೆ ಹಳೇ ರೋಗ ಹೊಸ ಷಾಫ್ಟಿಗೂ ಅಂಟಿಕೊಳ್ಳುತ್ತದೆ. ಕೊನೇ ಜೋಡಣೆ ದಡದಲ್ಲಿ ಮುಗಿಸಬಾರದು, ನೀರಿಗಿಳಿದ ಮೇಲೆ ದೋಣಿಯ ಮೈ ಸ್ವಲ್ಪ ಬಾಗುತ್ತದೆ. ನೀರಿನಲ್ಲಿ ಒಂದು ದಿನ ಬಿಟ್ಟು, ಕಪ್ಲಿಂಗಿನ ಸಂದಿಯನ್ನು ನಾಲ್ಕೂ ಕಡೆ ಫೀಲರ್ ಗೇಜಿನಲ್ಲಿ ಅಳೆಯಬೇಕು. 100 ಮಿಲಿಮೀಟರ್ ಅಗಲದ ಕಪ್ಲಿಂಗಿಗೆ 0.1 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಕೂಡದು.

ಈಗ ನಮ್ಮ ಪಂಪಿಗೆ ಬನ್ನಿ. ಓಡುವಾಗ ಗ್ಲ್ಯಾಂಡಿನಿಂದ ನಾಲ್ಕು ಹನಿ ಬಿದ್ದರೆ ನಾವು ಸ್ಪ್ಯಾನರ್ ತಂದು ಹನಿ ನಿಲ್ಲುವ ತನಕ ಬಿಗಿ ಮಾಡ್ತೀವಿ. ಆ ಹನಿಯೇ ಷಾಫ್ಟಿಗೆ ತಂಪು. ಅದು ನಿಂತರೆ ಹಗ್ಗ ಸುಟ್ಟು ಷಾಫ್ಟಿನ ಮೇಲೆ ಗೀರು ಬೀಳುತ್ತದೆ. ಆಮೇಲೆ ಎಷ್ಟು ಬಿಗಿದರೂ ಸೋರಿಕೆ ನಿಲ್ಲಲ್ಲ. ಪಂಪು ಕೈಕೊಡೋದು ಬೆಳೆಗೆ ನೀರು ಬೇಕಾದ ವಾರದಲ್ಲೇ. ಮಳೆಗಾಲದಲ್ಲಿ ಪಂಪು ಸುಮ್ಮನಿರುವಾಗಲೇ ಒಂದು ಸಲ ಬಿಚ್ಚಿ ನೋಡಿದರೆ ಆ ಪೈರು ಉಳಿಯುತ್ತದೆ.

ಪುಲ್ಲರು, ಗೇಜುಗಳನ್ನು ಒಬ್ಬೊಬ್ಬರೇ ಕೊಂಡರೆ ವರ್ಷಕ್ಕೆ ಎರಡು ದಿನದ ಉಪಯೋಗ, ಉಳಿದ ದಿನ ಅಟ್ಟದ ಮೇಲೆ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಒಬ್ಬನಿಂದಾಗದ್ದು ಹತ್ತು ಜನರಿಂದ ಆಗಲಿ ಅಂತಲೇ. ಬೆಳ್ಳಿ ಹಬ್ಬದ ನೆನಪಿಗೆ ಸಂಘವೇ ಇಂಥ ಒಂದು ಸಾಮಾನಿನ ಪೆಟ್ಟಿಗೆ ಕೊಂಡು, ಸದಸ್ಯರಿಗೆ ಸರದಿಯ ಮೇಲೆ ಕೊಡಲಿ ಎಂದು ಆಡಳಿತ ಮಂಡಳಿಯವರಲ್ಲಿ ವಿನಂತಿಸುತ್ತೇನೆ.