ಚಿಕ್ಕ ಮನೆಯಲ್ಲಿ ಕೋವಿಯ ಪರಿಕರಗಳು



ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಸಣ್ಣ ರೈತನ ಮನೆಯೆಂದರೆ ಒಂದು ಪಡಸಾಲೆ, ಒಂದು ಅಡಿಗೆಯ ಕೋಣೆ, ಮಗ್ಗುಲಲ್ಲಿ ದನದ ಕೊಟ್ಟಿಗೆ. ಸುಗ್ಗಿಯಲ್ಲಿ ಹತ್ತಿಯ ಅಂಡಿಗೆಯೂ ಮೆಣಸಿನಕಾಯಿಯ ಚೀಲವೂ ಅಲ್ಲಿಯೇ ಇರತಕ್ಕವು. ಬೆಳೆಗಾವಲಿಗೆಂದು ಕೋವಿಯ ಪರವಾನಿಗೆ ಪಡೆದವರು ಇವುಗಳ ನಡುವೆಯೇ ಮದ್ದಿಗೂ ಕೇಪಿಗೂ ಎಡೆ ಮಾಡಬೇಕಾಗುವುದು. ಬಾಯಿಯಿಂದ ಮದ್ದು ತುಂಬುವ ಕೋವಿಗೆ ಬೆಳೆರಕ್ಷಣೆಯ ಸಲುವಾಗಿ ಪರವಾನಿಗೆ ಕೊಡುವ ವಿಷಯವು 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಕಲಮಿನಲ್ಲಿ ಉಂಟು. ಪ್ರತಿ ಈಡಿಗೂ ಕೈಯಿಂದಲೇ ತುಂಬಬೇಕಾದ ಈ ಕೋವಿಗೆ ಯಾವ ಪರಿಕರಗಳನ್ನು ಆರಿಸಬೇಕು, ಎಲ್ಲಿ ಇಡಬೇಕು ಎಂಬುದನ್ನು ನಾವು ಇಂದು ವಿಚಾರಮಾಡೋಣ.

ಬೇಡವಾದುದನ್ನು ಮೊದಲು ತೆಗೆದುಬಿಡೋಣ. ರಾಣೆಬೆನ್ನೂರಿನ ಸುತ್ತ ಗೋವಿನಜೋಳಕ್ಕೆ ನುಗ್ಗುವುದು ಚಿಗರಿ, ಎಂದರೆ ಕೃಷ್ಣಮೃಗ. ಅದಕ್ಕಾಗಿ 1974ರಲ್ಲಿ ಸುಮಾರು 119 ಚದರ ಕಿಲೋಮೀಟರಿನ ಅಭಯಾರಣ್ಯವು ಅಲ್ಲಿ ಏರ್ಪಟ್ಟಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಕೊಲ್ಲುವುದು ಅಪರಾಧ. ಅನುಮತಿಯಿಲ್ಲದೆ ಅಭಯಾರಣ್ಯದೊಳಕ್ಕೆ ಕೋವಿಯನ್ನು ಒಯ್ಯುವಂತೆಯೂ ಇಲ್ಲ. ಹೊಲದ ಬದುವಿನಲ್ಲಿ ನಿಂತು ಬೆದರಿಸಲು ಸದ್ದೊಂದೇ ಸಾಕು. ಆದುದರಿಂದ ಸೀಸದ ಚರೆಗಾಗಲಿ, ಅದನ್ನು ಎರಕಹೊಯ್ಯುವ ಅಚ್ಚಿಗಾಗಲಿ ಮನೆಯಲ್ಲಿ ಸ್ಥಳ ಬೇಡ. ತೋಟೆಗಳನ್ನು ಮರಳಿ ತುಂಬುವ ಯಂತ್ರವೂ ಬೇಡ. ಪರವಾನಿಗೆಯಿಲ್ಲದೆ ಮದ್ದುಗುಂಡು ತಯಾರಿಸುವುದು ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಕಲಮಿಗೆ ವಿರುದ್ಧವಾದುದು.

ಇನ್ನು ಉಳಿದುದು ಮೂರು ವಸ್ತು. ಅಳತೆಯ ಕೊಳವೆ ಹಿತ್ತಾಳೆಯದಾಗಿರಲಿ, ಜಡಿಯುವ ಕೋಲು ಮರದ್ದಾಗಿರಲಿ. ಕಬ್ಬಿಣಕ್ಕೆ ಕಲ್ಲು ತಗುಲಿದರೆ ಕಿಡಿ ಹಾರುವುದು. ಮದ್ದನ್ನು ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಲಾಗದು. ಹಿಂದಿನ ಈಡಿನ ಕಿಡಿಯೊಂದು ಒಳಗುಳಿದಿದ್ದರೆ ಕೈಯಲ್ಲಿನ ಡಬ್ಬಿಯೆಲ್ಲ ಒಮ್ಮೆಗೇ ಹೊತ್ತಿಕೊಳ್ಳುವುದು. ಕೊಳವೆಯಿದ್ದರೆ ಹೊತ್ತುವುದು ಅದರಲ್ಲಿರುವಷ್ಟೇ. ತುಂಬುವ ಕೆಲಸ ಹೊಲದಲ್ಲಿಯೇ ಆಗಲಿ. ತುಂಬಿದ ಕೋವಿ ಮನೆಗೆ ಬರಬಾರದು.

ಮೂರನೆಯದು ಬೀಗವುಳ್ಳ ದಪ್ಪ ಮರದ ಪೆಟ್ಟಿಗೆ. ಮದ್ದು ಅಂಗಡಿಯಿಂದ ಬಂದ ಡಬ್ಬಿಯಲ್ಲಿಯೇ ಅದರೊಳಗಿರಲಿ. ಬಿಗಿಯಾದ ಕಬ್ಬಿಣದ ಪೆಟ್ಟಿಗೆಯು ಹೆಚ್ಚು ಭದ್ರವೆಂದು ತೋರಬಹುದು. ಆದರೆ ಬೆಂಕಿ ತಗುಲಿದಾಗ ಹೊರಹೋಗಲು ದಾರಿಯಿಲ್ಲದ ಅನಿಲವು ಅದನ್ನೇ ಬಾಂಬಿನಂತೆ ಸಿಡಿಸುವುದು. ಕೇಪುಗಳು ಸಣ್ಣ ಏಟಿಗೂ ಸಿಡಿಯತಕ್ಕವು. ಅವು ಬೇರೆ ಕೋಣೆಯಲ್ಲಿ, ಮಕ್ಕಳ ಕೈಗೆ ಸಿಗದಂತೆ ಬೀಗದೊಳಗಿರಲಿ. ಮದ್ದಿನ ಪೆಟ್ಟಿಗೆಯನ್ನು ಒಲೆಯ ಮೇಲಣ ಅಟ್ಟದಲ್ಲಾಗಲಿ, ದೀಪದ ಗೂಡಿನ ಕೆಳಗಾಗಲಿ, ಹತ್ತಿಯ ಪಕ್ಕದಲ್ಲಾಗಲಿ ಇಡಬಾರದು.

ಇಷ್ಟು ಎಡೆಯೂ ಇಲ್ಲದ ಮನೆಯಲ್ಲಿ ಕೋವಿಯನ್ನೇ ಬಿಡುವುದು ಲೇಸೆಂದು ನಮ್ಮ ಅಭಿಪ್ರಾಯ. ತಗಡು ಬಡಿಯುತ್ತ ಹಗಲಿರುಳು ಹೊಲ ಕಾಯುವ ಕಷ್ಟ ಸಣ್ಣದಲ್ಲ. ಬೆಳೆ ಹೋದರೆ ವರುಷದ ಅನ್ನವೇ ಹೋದಂತೆ. ಆದರೂ ಹೊಲವನ್ನು ಮುಂದಿನ ಮಳೆಗೆ ಮರಳಿ ಬಿತ್ತಬಹುದು. ಮನೆಯೊಳಗೆ ಮಲಗಿರುವ ಮಕ್ಕಳನ್ನು ನೆನೆದು ರೈತಬಾಂಧವರು ಈ ಆಯ್ಕೆಯನ್ನು ಮಾಡಬೇಕೆಂದು ಪ್ರಾರ್ಥಿಸುತ್ತೇವೆ.